ಅಕ್ವೇರಿಯಂನೊಳಗಿನ ಜಗಳಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತಂದಿವೆ. ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕಿರುವ ತೊಟ್ಟಿಯಲ್ಲಿ ಒಂದು ಮತ್ತೊಂದನ್ನು ಅಟ್ಟಾಡಿಸುತ್ತದೆ, ರೆಕ್ಕೆ ಹರಿಯುತ್ತದೆ, ಮೂಲೆಗೆ ಒತ್ತರಿಸುತ್ತದೆ. ‘ಇವುಗಳಲ್ಲಿ ತುಂಟ ಮೀನು ಯಾವುದು, ಅದನ್ನು ಏನು ಮಾಡಲಿ’ ಎಂದು ಬಹುತೇಕ ಎಲ್ಲರೂ ಕೇಳಿದ್ದಾರೆ. ಆದರೆ ಯಾರು ಯಾರನ್ನು ಓಡಿಸುತ್ತಾರೆ, ತೊಟ್ಟಿಯ ಯಾವ ಭಾಗದಲ್ಲಿ, ದಿನದ ಯಾವ ಹೊತ್ತಿನಲ್ಲಿ ಎಂಬ ವಿವರಗಳು ಕೆಲವೇ ಪತ್ರಗಳಲ್ಲಿವೆ. ಈ ವಿವರಗಳಿಲ್ಲದೆ ಕೊಡುವ ಸಲಹೆ ಊಹೆಯಾಗುತ್ತದೆ. ಆದ್ದರಿಂದ ವಿವರ ಸ್ಪಷ್ಟವಾಗಿರುವ ಪತ್ರಗಳನ್ನು ಮಾತ್ರ ಇಲ್ಲಿ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ನನ್ನ ತೊಟ್ಟಿ 100 ಲೀಟರಿನದು. ಅದರಲ್ಲಿ ನಾಲ್ಕು ಟೈಗರ್ ಬಾರ್ಬ್, ಎರಡು ಏಂಜಲ್, ಐದು ನಿಯಾನ್ ಟೆಟ್ರಾ ಮತ್ತು ಎರಡು ಕೋರಿಡೋರಾಸ್ ಇವೆ. ಬಾರ್ಬ್‌ಗಳು ಏಂಜಲ್‌ಗಳ ಹೊಟ್ಟೆಯ ಕೆಳಗೆ ಇಳಿಬಿದ್ದಿರುವ ಉದ್ದನೆಯ ಎಳೆಗಳನ್ನು ಕಚ್ಚಿ ಗಿಡ್ಡ ಮಾಡಿವೆ. ಒಂದು ಏಂಜಲ್ ಹೀಟರಿನ ಹಿಂದೆಯೇ ನಿಂತಿರುತ್ತದೆ, ಎರಡು ದಿನದಿಂದ ಆಹಾರ ಮುಟ್ಟಿಲ್ಲ. ಒಬ್ಬರು ಬಾರ್ಬ್‌ಗಳನ್ನು ತೆಗೆದುಬಿಡಿ ಎನ್ನುತ್ತಾರೆ, ಇನ್ನೊಬ್ಬರು ಇನ್ನಷ್ಟು ಬಾರ್ಬ್ ತಂದು ಹಾಕಿ, ಜಗಳ ತಾನಾಗಿ ನಿಲ್ಲುತ್ತದೆ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ನಿಮ್ಮ ತೊಟ್ಟಿಯ ಮಟ್ಟಿಗೆ ಮೊದಲನೆಯವರ ಮಾತನ್ನು ಕೇಳಬೇಕು.

ಟೈಗರ್ ಬಾರ್ಬ್ ಗುಂಪಿನ ಮೀನು, ಮತ್ತು ಆ ಗುಂಪಿನೊಳಗೆ ಮೇಲು ಕೀಳಿನ ಒಂದು ಶ್ರೇಣಿ ಇರುತ್ತದೆ. ಎಂಟು ಹತ್ತು ಮೀನುಗಳಿದ್ದಾಗ ಅವುಗಳ ಓಡಾಟ, ಬೆನ್ನಟ್ಟುವಿಕೆ, ಸಣ್ಣಪುಟ್ಟ ಕಚ್ಚಾಟಗಳೆಲ್ಲ ಗುಂಪಿನೊಳಗೇ ನಡೆದು ಅಲ್ಲಿಯೇ ಮುಗಿಯುತ್ತವೆ, ಮತ್ತು ಏಟುಗಳು ಹಲವು ಮೀನುಗಳ ನಡುವೆ ಹಂಚಿಹೋಗುವುದರಿಂದ ಯಾವ ಒಂದೂ ಸೊರಗುವುದಿಲ್ಲ. ಮೂರು ನಾಲ್ಕೇ ಇದ್ದಾಗ ಗುಂಪು ಗುಂಪಾಗಿಯೇ ನಡೆದುಕೊಳ್ಳುವುದಿಲ್ಲ. ಬೇರೆ ಜಾತಿಯ ಮೀನುಗಳ ಮೇಲೆ ಅವು ಬೀಳುವುದು ಹೆಚ್ಚಾಗಿ ಆಗಲೇ. ಸಂಖ್ಯೆ ಹೆಚ್ಚಿಸಿ ಎಂದವರ ತರ್ಕ ಇದು, ಮತ್ತು ಜೊತೆಗಿರುವ ಮೀನುಗಳು ಚುರುಕಾಗಿ ಈಜುವ, ಗಿಡ್ಡ ರೆಕ್ಕೆಯ ಜಾತಿಗಳಾಗಿದ್ದರೆ ಆ ತರ್ಕ ಕೆಲಸ ಮಾಡುತ್ತದೆ.

ನಿಮ್ಮಲ್ಲಿರುವುದು ಏಂಜಲ್. ಅದು ನಿಧಾನವಾಗಿ ತೇಲುವ ಮೀನು, ಉದ್ದನೆಯ ಎಳೆಗಳು ಬಾರ್ಬ್‌ಗಳ ಕಣ್ಣಿನ ಮಟ್ಟದಲ್ಲಿಯೇ ಸದಾ ಅಲುಗಾಡುತ್ತಿರುತ್ತವೆ. ಹತ್ತು ಬಾರ್ಬ್‌ಗಳ ಗುಂಪಿನಲ್ಲಿಯೂ ಒಂದಾದರೂ ಆ ಎಳೆಯ ಮೇಲೆ ಬಾಯಿ ಹಾಕದೆ ಇರಲಾರದು. ಗಪ್ಪಿ, ಬೆಟ್ಟಾ, ಗೌರಾಮಿಗಳ ವಿಷಯದಲ್ಲಿಯೂ ಇದೇ ತೊಂದರೆ. ಸರ್ಪೆ ಟೆಟ್ರಾ ಮತ್ತು ಬ್ಲ್ಯಾಕ್ ಸ್ಕರ್ಟ್ ಟೆಟ್ರಾಗಳಿಗೂ ರೆಕ್ಕೆ ಕಚ್ಚುವ ಚಾಳಿ ಇರುವುದರಿಂದ, ಬಾರ್ಬ್ ತೆಗೆದು ಆ ಜಾಗಕ್ಕೆ ಅವುಗಳನ್ನು ತಂದರೆ ಏನೂ ಬದಲಾಗುವುದಿಲ್ಲ.

ಹಾಗಾಗಿ ಬಾರ್ಬ್ ಬೇಕೋ ಏಂಜಲ್ ಬೇಕೋ ಎಂಬುದನ್ನು ನೀವು ತೀರ್ಮಾನಿಸಬೇಕು. ಬಾರ್ಬ್ ಉಳಿಸಿಕೊಳ್ಳುವುದಾದರೆ ಏಂಜಲ್‌ಗಳಿಗೆ ಬೇರೆ ಮನೆ ನೋಡಿ, ಬಾರ್ಬ್‌ಗಳ ಸಂಖ್ಯೆಯನ್ನು ಎಂಟಕ್ಕೆ ಏರಿಸಿ. ಜೀಬ್ರಾ ಡೇನಿಯೋದಂಥ ಚುರುಕಿನ ಮೀನು ಅವುಗಳಿಗೆ ಸರಿಸಾಟಿಯಾಗಿ ಓಡಬಲ್ಲದು. ಏಂಜಲ್ ಉಳಿಸಿಕೊಳ್ಳುವುದಾದರೆ ಇನ್ನೊಂದು ಮಾತನ್ನು ಈಗಲೇ ತಿಳಿದಿರುವುದು ಒಳ್ಳೆಯದು: ಪೂರ್ತಿ ಬೆಳೆದ ಏಂಜಲ್ ಸುಮಾರು 15 ಸೆಂ.ಮೀ. ಉದ್ದಕ್ಕೆ ಬರುತ್ತದೆ, ನಿಯಾನ್ ಟೆಟ್ರಾ 3–4 ಸೆಂ.ಮೀ. ದಾಟುವುದಿಲ್ಲ. ಏಂಜಲ್ ಸಿಕ್ಲಿಡ್ ಎಂಬ ಕುಟುಂಬದ ಮೀನು, ಆ ಕುಟುಂಬದ ಮೀನಿನ ಬಾಯಿಗೆ ಹಿಡಿಸುವ ಮೀನು ಒಂದಲ್ಲ ಒಂದು ರಾತ್ರಿ ಅದರ ಆಹಾರವಾಗುತ್ತದೆ. ಅದನ್ನು ಜಗಳವೆನ್ನುವಂತಿಲ್ಲ, ಅಲ್ಲಿ ಯಾರ ಮೇಲೂ ಸಿಟ್ಟಿರುವುದಿಲ್ಲ. ಏಂಜಲ್‌ಗಳು ಇನ್ನೂ ಚಿಕ್ಕವಾಗಿರುವುದರಿಂದ ಈ ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಇದಕ್ಕೆಲ್ಲ ಮೊದಲು, ಇವತ್ತೇ ಆಗಬೇಕಾದ ಕೆಲಸವೊಂದಿದೆ. ಹೀಟರಿನ ಹಿಂದೆ ನಿಂತಿರುವ ಏಂಜಲನ್ನು ಬೇರೆ ಪಾತ್ರೆಗೆ ಸ್ಥಳಾಂತರಿಸಿ. 20–30 ಲೀಟರ್ ಹಿಡಿಯುವ ಸ್ವಚ್ಛವಾದ ಪ್ಲಾಸ್ಟಿಕ್ ಡಬ್ಬವೂ ಸಾಕು. ಸೋಪು ತಾಗಿರದ ಡಬ್ಬವಾಗಿರಲಿ, ಅದೇ ತೊಟ್ಟಿಯ ನೀರಿರಲಿ, ಈಗಾಗಲೇ ಓಡುತ್ತಿರುವ ಫಿಲ್ಟರಿನ ಸ್ಪಂಜಿನ ಒಂದು ತುಂಡು ಇರಲಿ, ಮತ್ತು ನೀರು 26–27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಲಿ. ಹರಿದ ರೆಕ್ಕೆಯ ಅಂಚು ಬೆಳ್ಳಗಾಗಿದೆಯೇ, ಅಂಚಿನಿಂದ ಬುಡದ ಕಡೆಗೆ ಸವೆಯುತ್ತಾ ಬರುತ್ತಿದೆಯೇ ಎಂದು ದಿನವೂ ನೋಡಿ. ಹಾಗಿದ್ದರೆ ರೆಕ್ಕೆ ಕೊಳೆಯುವ ಸೋಂಕು ಹತ್ತಿದೆ ಎಂದರ್ಥ, ಆಗ ಔಷಧಿ ಬೇಕಾಗುತ್ತದೆ. ಅಂಚು ಶುಭ್ರವಾಗಿದ್ದರೆ ದಿನವೂ ಸ್ವಲ್ಪ ನೀರು ಬದಲಿಸುವುದಕ್ಕಿಂತ ದೊಡ್ಡ ಔಷಧಿ ಇಲ್ಲ, ಬುಡಕ್ಕೆ ಪೆಟ್ಟಾಗದ ರೆಕ್ಕೆ ಕೆಲವು ವಾರಗಳಲ್ಲಿ ಮರಳಿ ಬೆಳೆಯುತ್ತದೆ. ಮೆಥಿಲೀನ್ ಬ್ಲೂ ಎಂಬ ಔಷಧಿ ಬಳಸುವುದಾದರೆ ಈ ಪ್ರತ್ಯೇಕ ಪಾತ್ರೆಯಲ್ಲಿ, ಸ್ಪಂಜಿನ ತುಂಡನ್ನು ಹೊರಗೆ ತೆಗೆದು ಬಳಸಿ. ದೊಡ್ಡ ತೊಟ್ಟಿಗೆ ಸುರಿದರೆ, ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ನಿವಾರಿಸುವ, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳಿಗೆ ಅದು ಹಾನಿ ಮಾಡುತ್ತದೆ, ಆಮೇಲೆ ಎಲ್ಲ ಮೀನುಗಳೂ ಕಷ್ಟಕ್ಕೆ ಸಿಲುಕುತ್ತವೆ.

ಪ್ರಶ್ನೆ: ಮೀನುಗಳು ಆಟವಾಡುತ್ತಿವೆಯೋ ಹೊಡೆದಾಡುತ್ತಿವೆಯೋ ಎಂದು ಗುರುತಿಸುವುದು ಹೇಗೆ? ನನ್ನ ಬ್ಲ್ಯಾಕ್ ಫ್ಯಾಂಟಮ್ ಟೆಟ್ರಾಗಳಲ್ಲಿ ಎರಡು ಗಂಡುಗಳು ದಿನವಿಡೀ ಎದುರುಬದುರಾಗಿ ನಿಲ್ಲುತ್ತವೆ, ನನಗೆ ಭಯವಾಗುತ್ತದೆ.

ಉತ್ತರ: ನಿಮ್ಮ ಟೆಟ್ರಾಗಳ ಬಗ್ಗೆ ಭಯ ಬೇಡ. ಆ ಜಾತಿಯ ಗಂಡುಗಳು ಬೆನ್ನಿನ ಮತ್ತು ಹೊಟ್ಟೆಯ ಕಡೆಯ ಕಪ್ಪು ರೆಕ್ಕೆಗಳನ್ನು ಪೂರ್ತಿ ಬಿಡಿಸಿಕೊಂಡು, ಒಂದರ ಪಕ್ಕ ಒಂದು ನಿಂತು, ಮೈಬಣ್ಣ ಗಾಢ ಮಾಡಿಕೊಂಡು ನಡುಗುತ್ತವೆ. ಕೆಲವು ಕ್ಷಣಗಳ ನಂತರ ಒಂದು ರೆಕ್ಕೆ ಮಡಚಿ ಸರಿದುಹೋಗುತ್ತದೆ, ಮತ್ತೊಂದು ಅದನ್ನು ಎರಡು ಅಂಗುಲ ಹಿಂಬಾಲಿಸಿ ಬಿಟ್ಟುಬಿಡುತ್ತದೆ. ಗಾಯವಾಗುವುದು ಬಹಳ ಅಪರೂಪ. ಅಕ್ವೇರಿಯಂ ಸಾಕುವವರಿಗೆ ಸಿಗುವ ಚಂದದ ನೋಟಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ.

ಗುರುತಿಸುವ ಬಗೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದ ಎಲ್ಲ ಪ್ರಶ್ನೆಗಳ ಉತ್ತರವೂ ಇದನ್ನೇ ಅವಲಂಬಿಸಿದೆ. ದೀಪ ಹಚ್ಚಿದ ಮೇಲೆ, ಆಹಾರ ಹಾಕಿದಾಗ, ದೀಪ ಆರಿಸುವ ಮುನ್ನ, ಹೀಗೆ ದಿನದ ಮೂರು ಹೊತ್ತಿನಲ್ಲಿ ತೊಟ್ಟಿಯಿಂದ ನಾಲ್ಕಡಿ ದೂರ ಕುಳಿತು ಹದಿನೈದು ನಿಮಿಷ ಸುಮ್ಮನೆ ನೋಡಿ. ಗಾಜಿಗೆ ಮುಖ ಒತ್ತಿಕೊಂಡು ನೋಡಿದರೆ ಮೀನುಗಳೆಲ್ಲ ಆಹಾರದ ಆಸೆಯಿಂದ ಮುಂದಕ್ಕೆ ಬರುತ್ತವೆ, ಜಗಳ ಕಾಣುವುದಿಲ್ಲ.

ಆಗ ಗಮನಿಸಬೇಕಾದುದು ಬೆನ್ನಟ್ಟುವ ಮೀನು ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಒಂದು ಕಲ್ಲಿನ ಅಥವಾ ಗಿಡದ ಸುತ್ತ ಬಂದವರನ್ನು ಓಡಿಸಿ, ಗೆರೆ ಎಳೆದಂತೆ ಒಂದು ಜಾಗದಲ್ಲಿ ನಿಂತು ಹಿಂದಿರುಗಿದರೆ ಅದು ತನ್ನ ಜಾಗ ಕಾಯುತ್ತಿದೆ. ತೊಟ್ಟಿಯ ವಿನ್ಯಾಸ ಬದಲಿಸಿದರೆ ಅಂಥ ಜಗಳ ಸುಲಭವಾಗಿ ತಗ್ಗುತ್ತದೆ. ಆಹಾರದ ಹೊತ್ತಿನಲ್ಲಿ ಮಾತ್ರ ಜಗಳವಾದರೆ ತೊಟ್ಟಿಯ ಎರಡು ತುದಿಯಲ್ಲಿ ಒಮ್ಮೆಗೇ ಆಹಾರ ಹಾಕುವುದರಿಂದಲೇ ಮುಗಿಯಬಹುದು. ಆದರೆ ಒಂದೇ ಮೀನನ್ನು ಹುಡುಕಿಕೊಂಡು ಹೋಗಿ, ಮೂಲೆಯಿಂದ ಮೂಲೆಗೆ, ಮೇಲ್ಮಟ್ಟದಿಂದ ತಳಕ್ಕೆ ಬಿಡದೆ ಅಟ್ಟಿದರೆ ಕಾಯುತ್ತಾ ಕೂರಬಾರದು. ನದಿಯಲ್ಲಿಯಾದರೆ ಸೋತ ಮೀನು ಕೆಲವು ಅಡಿ ದೂರ ಓಡಿ ಗೆದ್ದದ್ದರ ಕಣ್ಣಿನಿಂದ ಮರೆಯಾಗುತ್ತದೆ, ಅಲ್ಲಿಗೆ ಜಗಳ ಮುಗಿಯುತ್ತದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಸೋತದ್ದಕ್ಕೆ ಸೋಲೊಪ್ಪಿ ಹೋಗುವ ಜಾಗವೇ ಇರುವುದಿಲ್ಲ, ಅದು ಕಣ್ಣೆದುರೇ ಇರುವುದನ್ನು ಗೆದ್ದ ಮೀನು ಸವಾಲೆಂದೇ ತಿಳಿಯುತ್ತದೆ.

ಏಟು ತಿನ್ನುತ್ತಿರುವ ಮೀನನ್ನು ಗುರುತಿಸುವುದು ಇನ್ನೂ ಸುಲಭ. ಅದರ ರೆಕ್ಕೆಗಳು ಮೈಗೆ ಅಂಟಿಕೊಂಡಿರುತ್ತವೆ, ಬಣ್ಣ ಮಾಸಿರುತ್ತದೆ, ಕಿವಿರು ಬೇಗ ಬೇಗ ಬಡಿಯುತ್ತಿರುತ್ತದೆ, ನೀರಿನ ಮೇಲ್ಮೈಗೆ ಹತ್ತಿರ ಫಿಲ್ಟರ್ ಪೈಪಿನ ಹಿಂದೆ ಅದು ನಿಂತಿರುತ್ತದೆ. ಆದರೆ ಅಮೋನಿಯಾ ಏರಿದಾಗಲೂ ಇದೇ ಲಕ್ಷಣಗಳು ಕಾಣುತ್ತವೆ, ಆದ್ದರಿಂದ ಮೊದಲು ಟೆಸ್ಟ್ ಕಿಟ್‌ನಿಂದ ನೀರು ಪರೀಕ್ಷಿಸಿ. ಅಮೋನಿಯಾ ಮತ್ತು ಅದರಿಂದ ಹುಟ್ಟುವ ಇನ್ನೊಂದು ವಿಷವಾದ ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಸತತ ಬೆದರಿಕೆಯಲ್ಲಿರುವ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುವುದರಿಂದ, ಜಗಳದ ತೊಟ್ಟಿಗಳಲ್ಲಿ ಬಿಳಿ ಚುಕ್ಕೆ ರೋಗ ಹತ್ತುವುದು ಹೆಚ್ಚು. ರೋಗಕ್ಕೆ ಔಷಧಿ ಹಾಕುತ್ತಾ ಜಗಳವನ್ನು ಹಾಗೆಯೇ ಬಿಟ್ಟವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಔಷಧಿ ಹುಡುಕುತ್ತಿರುತ್ತಾರೆ.

ಪ್ರಶ್ನೆ: ಆರು ಏಂಜಲ್‌ಗಳು ಒಂದು ವರ್ಷ ತಣ್ಣಗಿದ್ದವು. ಈಗ ಎರಡು ಜೋಡಿಯಾಗಿ ಫಿಲ್ಟರ್ ಪೈಪಿನ ಮೇಲೆ ಮೊಟ್ಟೆ ಇಟ್ಟಿವೆ. ಉಳಿದ ನಾಲ್ಕನ್ನೂ ಒಂದು ಮೂಲೆಗೆ ತಳ್ಳಿ ಅರ್ಧಕ್ಕಿಂತ ಹೆಚ್ಚು ತೊಟ್ಟಿಯನ್ನು ಆಕ್ರಮಿಸಿಕೊಂಡಿವೆ. ಮರಿಗಳು ಹೊರಬಂದ ಮೇಲೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ಇನ್ನೂ ಹೆಚ್ಚುತ್ತದೆ. ಏಂಜಲ್ ಮೊಟ್ಟೆಗಳು ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ, ಹೊರಬಂದ ಮರಿಗಳು ಮತ್ತೆ ನಾಲ್ಕೈದು ದಿನ ಅಂಟಿಕೊಂಡಿದ್ದು ಆಮೇಲೆ ಈಜಲು ತೊಡಗುತ್ತವೆ. ಈಜುವ ಮರಿಗಳ ಹಿಂಡನ್ನು ಕಾಯುವಾಗ ತಂದೆತಾಯಿಗಳು ಕಾಯುವ ಗಡಿಯೂ ಮರಿಗಳೊಂದಿಗೆ ತೊಟ್ಟಿಯ ತುಂಬ ಸರಿದಾಡುತ್ತದೆ. ಹೊಸ ಜೋಡಿಗಳು ಮೊದಲ ಕೆಲವು ಸಲ ತಮ್ಮ ಮೊಟ್ಟೆಗಳನ್ನು ತಾವೇ ತಿಂದುಬಿಡುವುದೂ ಸಾಮಾನ್ಯ. ಹಾಗಾದರೆ ಒಂದೆರಡು ದಿನ ಶಾಂತಿ ಕಂಡೀತು, ಆದರೆ ಒಮ್ಮೆ ಒಗ್ಗಿದ ಜೋಡಿ ಎರಡು ಮೂರು ವಾರಗಳಲ್ಲಿಯೇ ಮತ್ತೆ ಮೊಟ್ಟೆ ಇಡಬಹುದು. ಮೊಟ್ಟೆಗಳನ್ನು ನೀವೇ ತೆಗೆದುಹಾಕಿದರೆ ಮುಂದಿನ ಸರದಿ ಇನ್ನೂ ಬೇಗ ಬರುತ್ತದೆ.

ಆದ್ದರಿಂದ ಜೋಡಿಯನ್ನು ಬೇರೆ ತೊಟ್ಟಿಗೆ ಹಾಕಿ. ಅನೇಕರು ಪಾಪದ ನಾಲ್ಕನ್ನು ಎತ್ತಿ ಬೇರೆಡೆ ಹಾಕುತ್ತಾರೆ. ಎರಡು ಮೀನಿಗೆ ದೊಡ್ಡ ತೊಟ್ಟಿ, ನಾಲ್ಕು ಮೀನಿಗೆ ಚಿಕ್ಕದು ಎಂಬ ಲೆಕ್ಕ ನ್ಯಾಯದ್ದೂ ಅಲ್ಲ, ಉಪಯೋಗದ್ದೂ ಅಲ್ಲ. ಜೋಡಿಗೆ 80 ರಿಂದ 100 ಲೀಟರಿನ ಎತ್ತರದ ತೊಟ್ಟಿ ಸಾಕಾಗುತ್ತದೆ. ಅದು ಸಿದ್ಧವಾಗುವವರೆಗೆ ತೊಟ್ಟಿಯ ಅಡ್ಡಕ್ಕೆ, ನೀರು ಹರಿದಾಡುವಂತೆ ರಂಧ್ರಗಳಿರುವ ತಡೆಯೊಂದನ್ನು ಇಡಿ. ಪಾರದರ್ಶಕ ತಡೆ ಬೇಡ, ಕಂಡರೆ ಸಾಕು, ಅವು ತಡೆಗೇ ಮೂತಿ ಕುಟ್ಟುತ್ತವೆ.

ನಿಮ್ಮ ತೊಟ್ಟಿಯ ತಳದಲ್ಲಿ ಕೋರಿಡೋರಾಸ್ ಇರುವುದನ್ನೂ ಬರೆದಿದ್ದೀರಿ. ಮರಿಗಳು ಈಜತೊಡಗುವ ಮುನ್ನ ಆ ಕೋರಿಡೋರಾಸ್‌ಗಳನ್ನು ಜೋಡಿಯಿಂದ ದೂರವಿಡಿ. ಸಿಕ್ಲಿಡ್‌ಗಳು ಒಂದಕ್ಕೊಂದು ರೆಕ್ಕೆ ಬಿಡಿಸಿ, ಕಿವಿರು ಉಬ್ಬಿಸಿ ಎಚ್ಚರಿಕೆ ಕೊಡುತ್ತವೆ, ಇನ್ನೊಂದು ಸಿಕ್ಲಿಡ್ ಅದನ್ನು ನೋಡಿ ಸರಿಯುತ್ತದೆ. ಕೋರಿಡೋರಾಸ್ ಆ ಎಚ್ಚರಿಕೆಗೆ ಸೊಪ್ಪು ಹಾಕದೆ ಮರಳು ಮೂಸುತ್ತಾ ನೇರ ಮೊಟ್ಟೆಗಳ ಬಳಿಗೇ ನಡೆಯುತ್ತದೆ, ಮತ್ತೆ ಮತ್ತೆ ಏಟು ತಿನ್ನುತ್ತದೆ. ತಳದಲ್ಲಿಯೇ ಮೊಟ್ಟೆ ಇಡುವ ಕ್ರಿಬೆನ್ಸಿಸ್ ಎಂಬ ಸಿಕ್ಲಿಡ್ ಸಾಕಿದವರಿಗೆ ಈ ತೊಂದರೆ ಇನ್ನೂ ಹೆಚ್ಚು.

ಪ್ರಶ್ನೆ: ನನ್ನಲ್ಲಿ ಒಂದು ರೆಡ್ ಟೇಲ್ ಶಾರ್ಕ್ ಇತ್ತು. ಅದು ಒಂಟಿಯಾಗಿದೆ ಎಂದು ಒಂದು ರೇನ್‌ಬೋ ಶಾರ್ಕ್ ತಂದು ಬಿಟ್ಟೆ. ಅಂದಿನಿಂದ ಹಳೆಯದು ಹೊಸದನ್ನು ಬಿಡದೆ ಅಟ್ಟುತ್ತಿದೆ, ಆದರೆ ಅದೇ ತೊಟ್ಟಿಯ ಗೌರಾಮಿ, ಡೇನಿಯೋಗಳ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಕಲ್ಲುಗಳನ್ನು ಎರಡು ಸಲ ಜೋಡಿಸಿ ನೋಡಿದೆ. ಏಕೆ ಹೀಗೆ?

ಉತ್ತರ: ಈ ಎರಡೂ ಮೀನುಗಳು ಶಾರ್ಕ್‌ಗಳಲ್ಲ, ಬೆನ್ನಿನ ರೆಕ್ಕೆಯ ಆಕಾರದಿಂದ ಆ ಹೆಸರು ಬಂದಿದೆ. ಇವು ಗೆಂಡೆ ಮೀನುಗಳ ಕುಟುಂಬದವು, ಒಂದೇ ಕುಲಕ್ಕೆ ಸೇರಿದವು. ಕಪ್ಪು ಮೈ, ಕೆಂಪು ಬಾಲ, ತಳದಲ್ಲಿ ವಾಸ, ಕಲ್ಲಿನ ಸಂದಿಯ ಮೇಲೆ ಹಕ್ಕು, ಎಲ್ಲವೂ ಒಂದೇ ತೆರ. ಒಂಟಿತನ ಎಂಬ ಕೊರಗು ಇವಕ್ಕಿಲ್ಲ. ಪ್ರಾಯಕ್ಕೆ ಬಂದ ರೆಡ್ ಟೇಲ್ ತನ್ನ ಜಾತಿಯದನ್ನೂ ಸಹಿಸುವುದಿಲ್ಲ, ತನ್ನಂತೆ ಕಾಣುವುದನ್ನೂ ಸಹಿಸುವುದಿಲ್ಲ.

ನಿಮ್ಮ ‘ಏಕೆ’ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟವರು ನಿಕೊ ಟಿನ್‌ಬರ್ಗನ್. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ಕೊನ್ರಾಡ್ ಲೊರೆನ್ಝ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರೊಂದಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಅವರು. ಮುಮ್ಮುಳ್ಳಿನ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಗಂಡಿಗೆ ಸಂತಾನದ ಕಾಲದಲ್ಲಿ ಹೊಟ್ಟೆ ಕೆಂಪಾಗುತ್ತದೆ. ಟಿನ್‌ಬರ್ಗನ್ ಅವುಗಳ ಮುಂದೆ ಬಗೆಬಗೆಯ ಬೊಂಬೆಗಳನ್ನು ಇಳಿಬಿಟ್ಟರು. ನಿಜವಾದ ಮೀನಿನಂತೆಯೇ ಮಾಡಿದ, ಆದರೆ ಕೆಂಪಿಲ್ಲದ ಬೊಂಬೆಗಿಂತ, ಮೀನಿನ ಆಕಾರವೇ ಇಲ್ಲದ, ಆದರೆ ಕೆಳಭಾಗ ಕೆಂಪಾಗಿದ್ದ ಬೊಂಬೆಯ ಮೇಲೆ ಗಂಡುಗಳು ಹೆಚ್ಚು ಎರಗಿದವು. ಕಿಟಕಿಯ ಬಳಿ ಇಟ್ಟಿದ್ದ ತೊಟ್ಟಿಯ ಗಂಡುಗಳು ಬೀದಿಯಲ್ಲಿ ಕೆಂಪು ಅಂಚೆ ವ್ಯಾನು ಹಾದುಹೋದಾಗಲೂ ಕೆರಳುತ್ತಿದ್ದವೆಂದು ಅವರು ದಾಖಲಿಸಿದ್ದಾರೆ. ಮೀನು ಎದುರಾಳಿಯನ್ನು ಗುರುತಿಸುವುದು ಇಂಥ ಒಂದೆರಡು ಗುರುತುಗಳಿಂದ. ನಿಮ್ಮ ರೇನ್‌ಬೋ ಶಾರ್ಕಿನ ಮೈಮೇಲೆ ಆ ಗುರುತುಗಳೆಲ್ಲ ಇವೆ, ಡೇನಿಯೋದ ಮೈಮೇಲೆ ಒಂದೂ ಇಲ್ಲ.

ಕಲ್ಲು ಜೋಡಿಸಿ ಇದನ್ನು ಸರಿಪಡಿಸಲಾಗದು. ಎರಡರಲ್ಲಿ ಒಂದು ಬೇರೆ ತೊಟ್ಟಿಗೆ ಹೋಗಲೇಬೇಕು. ಮುಂದೆ ಮೀನು ಆರಿಸುವಾಗಲೂ ಇದೇ ಅಳತೆಗೋಲನ್ನು ಇಟ್ಟುಕೊಳ್ಳಿ: ಬಣ್ಣ, ಆಕಾರ, ಈಜುವ ಮಟ್ಟ, ಈ ಮೂರರಲ್ಲಿ ಎರಡು ಹೊಂದಿಕೆಯಾದರೆ ಆ ಮೀನುಗಳು ಬೇರೆ ಜಾತಿಯವೇ ಆದರೂ ಎದುರಾಳಿಗಳಾಗುವ ಸಂಭವವಿದೆ.

ಪ್ರಶ್ನೆ: ಮೂರು ಗಂಡು, ಮೂರು ಹೆಣ್ಣು ಗಪ್ಪಿಗಳಿವೆ. ಗಂಡುಗಳು ಹೆಣ್ಣುಗಳನ್ನು ನಿಲ್ಲಲೂ ಬಿಡುವುದಿಲ್ಲ.

ಉತ್ತರ: ಅದು ಹಗೆತನವಲ್ಲ, ಕೂಡುವ ಹಂಬಲ. ಆದರೆ ಹೆಣ್ಣಿನ ಆಯಾಸದ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿರುವಂತೆ ನೋಡಿಕೊಳ್ಳಿ, ಇಲ್ಲವೇ ಗಂಡುಗಳನ್ನು ಮಾತ್ರ ಸಾಕಿ. ನೀರಿನ ಮೇಲೆ ತೇಲುವ ದಟ್ಟ ಗಿಡಗಳು ಹೆಣ್ಣುಗಳಿಗೆ ಆಸರೆಯಾಗುತ್ತವೆ. ಹೆಣ್ಣುಗಳನ್ನು ಪ್ರತ್ಯೇಕಿಸಿದ ಕೂಡಲೇ ಮರಿ ಹಾಕುವುದು ನಿಲ್ಲುತ್ತದೆ ಎಂದುಕೊಳ್ಳಬೇಡಿ, ಒಮ್ಮೆ ಕೂಡಿದ ಹೆಣ್ಣು ಗಪ್ಪಿ ವೀರ್ಯವನ್ನು ಒಡಲಲ್ಲಿ ಉಳಿಸಿಕೊಂಡು ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಮೋಲಿ, ಸೋರ್ಡ್‌ಟೇಲ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸೋರ್ಡ್‌ಟೇಲ್ ಗಂಡುಗಳು ತಮ್ಮತಮ್ಮಲ್ಲಿಯೂ ಕಾದಾಡುತ್ತವೆ, ಅಲ್ಲಿ ಎರಡು ಗಂಡು ಎಂಬುದು ಅತ್ಯಂತ ಕೆಟ್ಟ ಸಂಖ್ಯೆ. ಒಂದೇ ಇರಲಿ, ಇಲ್ಲವೇ ಐದಾರು ಇರಲಿ.

ಪ್ರಶ್ನೆ: ತೊಟ್ಟಿಯಲ್ಲಿ ಮೀನುಗಳನ್ನು ದಟ್ಟವಾಗಿ ತುಂಬಿದರೆ ಜಗಳ ಕಡಿಮೆಯಾಗುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ‘ಎಂಬೂನಾ’ ಸಿಕ್ಲಿಡ್‌ಗಳನ್ನು ಸಾಕುವವರು ಬಳಸುವ ಉಪಾಯ ಅದು. ಅಲ್ಲಿ ಅದು ನಡೆಯುತ್ತದೆ. ಮೀನುಗಳು ದಟ್ಟವಾಗಿದ್ದಾಗ ಯಾವ ಒಂದು ಗಂಡಿಗೂ ಜಾಗವನ್ನು ತನ್ನದಾಗಿಸಿಕೊಂಡು ಕಾಯಲು ಆಗುವುದಿಲ್ಲ, ಏಟುಗಳು ಹಂಚಿಹೋಗುತ್ತವೆ. ಆದರೆ ಅದರ ಹಿಂದಿರುವ ಷರತ್ತುಗಳನ್ನು ಹೇಳುವವರು ಕಡಿಮೆ. ತೊಟ್ಟಿ 200 ಲೀಟರಿಗಿಂತ ದೊಡ್ಡದಿರಬೇಕು, ಫಿಲ್ಟರ್ ಅಗತ್ಯಕ್ಕಿಂತ ಎರಡು ಪಟ್ಟು ಬಲದ್ದಾಗಿರಬೇಕು, ಪ್ರತಿ ವಾರ ಧಾರಾಳವಾಗಿ ನೀರು ಬದಲಿಸಬೇಕು, ಪ್ರತಿ ಜಾತಿಯಲ್ಲಿ ಒಂದು ಗಂಡಿಗೆ ಹಲವು ಹೆಣ್ಣುಗಳಿರಬೇಕು, ಒಂದೇ ಬಣ್ಣದ ಎರಡು ಜಾತಿಗಳು ಇರಬಾರದು. ಇಷ್ಟೆಲ್ಲ ಮಾಡಿದರೂ ಕೆಲವು ಗಂಟೆ ವಿದ್ಯುತ್ ಹೋಗಿ ಫಿಲ್ಟರ್ ನಿಂತರೆ, ಅಷ್ಟು ಮೀನುಗಳಿಗೆ ಆಮ್ಲಜನಕ ಸಾಲದೆ ಒಂದೇ ರಾತ್ರಿಯಲ್ಲಿ ಎಲ್ಲವೂ ಸಾಯಬಹುದು.

ಏಂಜಲ್, ಗೌರಾಮಿ, ಟೆಟ್ರಾಗಳಿರುವ ಸಾಧಾರಣ ತೊಟ್ಟಿಗೆ ಈ ಉಪಾಯ ತರಬೇಡಿ. ಅಲ್ಲಿ ದಟ್ಟಣೆಯಿಂದ ಜಗಳ ಹೆಚ್ಚುತ್ತದೆ, ನೀರು ಕೆಡುತ್ತದೆ.

ಪ್ರಶ್ನೆ: ಗಂಡು ಬೆಟ್ಟಾವನ್ನು ಬೇರೆ ಮೀನುಗಳೊಂದಿಗೆ ಸಾಕಬಹುದೇ? ನನ್ನದು ಯಾರೂ ಇಲ್ಲದಿದ್ದಾಗಲೂ ಸಂಜೆ ಹೊತ್ತು ಗಾಜಿನ ಎದುರು ಕಿವಿರು ಉಬ್ಬಿಸಿ ನಿಲ್ಲುತ್ತದೆ.

ಉತ್ತರ: ಸಂಜೆ ಅದು ನೋಡುತ್ತಿರುವುದು ತನ್ನದೇ ಪ್ರತಿಬಿಂಬ. ಕೋಣೆ ಕತ್ತಲಾಗಿ ತೊಟ್ಟಿಯೊಳಗೆ ಮಾತ್ರ ದೀಪವಿದ್ದಾಗ ಗಾಜು ಕನ್ನಡಿಯಾಗುತ್ತದೆ. ಹಿಂದಿನ ಮತ್ತು ಪಕ್ಕದ ಗಾಜುಗಳ ಹೊರಗೆ ತಿಳಿಬಣ್ಣದ ಕಾಗದ ಅಂಟಿಸಿ, ಕೋಣೆಯ ದೀಪ ಆರುವ ಮುನ್ನವೇ ತೊಟ್ಟಿಯ ದೀಪ ಆರಿಸಿ. ದಿನವೂ ಗಂಟೆಗಟ್ಟಲೆ ಇಲ್ಲದ ಎದುರಾಳಿಯೊಂದಿಗೆ ಕಾದಾಡಿದರೆ ಅದು ಬಳಲುತ್ತದೆ.

ಜೊತೆಗಾರರ ವಿಷಯದಲ್ಲಿ, ಗಪ್ಪಿ ಬೇಡ, ಏಕೆಂದರೆ ಬಣ್ಣದ ಅಗಲ ಬಾಲವನ್ನು ಕಂಡ ಬೆಟ್ಟಾ ಅದನ್ನು ಇನ್ನೊಂದು ಗಂಡು ಎಂದೇ ತಿಳಿಯಬಹುದು. ಗೌರಾಮಿ ಬೇಡ, ಅದು ಬೆಟ್ಟಾದ ಹತ್ತಿರದ ಬಂಧು, ಎರಡೂ ನೀರಿನ ಮೇಲ್ಮೈಗೆ ಬಂದು ಗಾಳಿ ನುಂಗುವ ಮೀನುಗಳು, ಮೇಲ್ಮಟ್ಟದ ಜಾಗಕ್ಕೇ ಜಗಳವಾಡುತ್ತವೆ. ಬಾರ್ಬ್ ಬೇಡ, ಅಲ್ಲಿ ಏಟು ತಿನ್ನುವ ಸರದಿ ಬೆಟ್ಟಾದ್ದಾಗುತ್ತದೆ. 60 ಲೀಟರಿಗೆ ಕಡಿಮೆಯಿಲ್ಲದ, ಗಿಡ ತುಂಬಿದ ತೊಟ್ಟಿಯಲ್ಲಿ ಆರು ಕೋರಿಡೋರಾಸ್‌ಗಳೊಂದಿಗೆ ಕೆಲವು ಬೆಟ್ಟಾಗಳು ನೆಮ್ಮದಿಯಾಗಿರುತ್ತವೆ. ಕೆಲವು ಅದನ್ನೂ ಒಪ್ಪುವುದಿಲ್ಲ, ಆಗ ಒಂಟಿಯಾಗಿಯೇ ಇಡಿ.

ಪ್ರಶ್ನೆ: ಪಾಚಿ ತಿನ್ನಲೆಂದು ತಂದ ಮೀನು ಈಗ ಬೆಳೆದು, ರಾತ್ರಿ ಹೊತ್ತು ಏಂಜಲ್‌ಗಳ ಪಕ್ಕೆಗೆ ಬಾಯಿ ಅಂಟಿಸಿಕೊಂಡು ಇರುತ್ತದೆ. ಅವುಗಳ ಮೈಮೇಲೆ ಕೆಂಪು ಗುಂಡು ಗುರುತುಗಳಾಗಿವೆ.

ಉತ್ತರ: ನೀವು ಕಳಿಸಿದ ಚಿತ್ರದಲ್ಲಿರುವುದು ಚೈನೀಸ್ ಆಲ್ಗೀ ಈಟರ್. ಮರಿಯಾಗಿದ್ದಾಗ ಪಾಚಿ ಕೆರೆಯುತ್ತದೆ, ಬೆಳೆದಂತೆ ಪಾಚಿಯಲ್ಲಿ ಆಸಕ್ತಿ ಕಳೆದುಕೊಂಡು ಚಪ್ಪಟೆ ಮೈಯ, ನಿಧಾನದ ಮೀನುಗಳ ಮೈಮೇಲಿನ ಲೋಳೆಗೆ ಬಾಯಿ ಹಾಕುತ್ತದೆ. ಲೋಳೆ ಹೋದ ಜಾಗದಲ್ಲಿ ಸೋಂಕು ಹತ್ತುತ್ತದೆ. ಅದರ ಹೊಟ್ಟೆ ತುಂಬಿಸಿ ಈ ಚಾಳಿ ಬಿಡಿಸುವ ಪ್ರಯತ್ನ ಸಾಮಾನ್ಯವಾಗಿ ಫಲಿಸುವುದಿಲ್ಲ. ತೆಗೆದು ಬೇರೆಯವರಿಗೆ ಕೊಡಿ. ಕೆರೆಗಾಗಲಿ ಹೊಳೆಗಾಗಲಿ ಮಾತ್ರ ಬಿಡಬೇಡಿ, ಅಕ್ವೇರಿಯಂನಿಂದ ಹೊರಬಿದ್ದ ಸಕರ್ ಮೀನುಗಳು ಹಲವು ದೇಶಗಳ ನದಿಗಳಲ್ಲಿ ಹಬ್ಬಿ ಅಲ್ಲಿನ ಮೀನುಗಳಿಗೆ ಕಂಟಕವಾಗಿವೆ.

ಪ್ರಶ್ನೆ: ನಮ್ಮ ತೊಟ್ಟಿಯ ಗಂಡು ಡ್ವಾರ್ಫ್ ಗೌರಾಮಿಯೊಂದು ಹೊಸದಾಗಿ ಬಿಟ್ಟ ಯಾವ ಮೀನನ್ನೂ ಉಳಿಯಗೊಡುವುದಿಲ್ಲ. ಅದನ್ನು ಬಿಟ್ಟುಕೊಡಲು ಮಕ್ಕಳು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಇದೆ, ಆದರೆ ಸ್ವಲ್ಪ ತಾಳ್ಮೆ ಬೇಕು. ಮೊದಲು ಗೌರಾಮಿಯನ್ನು ಬೇರೆ ಪಾತ್ರೆಗೆ ಹಾಕಿ ಒಂದು ವಾರ ಅಲ್ಲಿಯೇ ಇಡಿ. ತೊಟ್ಟಿಯೊಳಗೇ ತೂಗುಹಾಕುವ ಬಲೆಯ ಪೆಟ್ಟಿಗೆಯೂ ಆದೀತು, ಆದರೆ ಅಲ್ಲಿಂದ ಅದಕ್ಕೆ ತನ್ನ ಹಳೆಯ ಜಾಗ ಕಾಣುತ್ತಿರುವುದರಿಂದ ಫಲ ಅರ್ಧ ಮಾತ್ರ. ಆ ವಾರದಲ್ಲಿ ಕಲ್ಲು, ಕಟ್ಟಿಗೆ, ಗಿಡಗಳನ್ನೆಲ್ಲ ಎತ್ತಿ ಹೊಸದಾಗಿ ಜೋಡಿಸಿ. ಜೋಡಿಸುವಾಗ ತೊಟ್ಟಿಯ ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಕಾಣದಂತೆ, ಎತ್ತರದ ಗಿಡಗಳನ್ನೋ ನಿಲ್ಲಿಸಿದ ಕಟ್ಟಿಗೆಯನ್ನೋ ನಡುವೆ ಇಡಿ. ಗೌರಾಮಿ ಮೇಲ್ಮಟ್ಟದ ಮೀನಾದ್ದರಿಂದ ತಳದಲ್ಲಿ ಕಲ್ಲು ಪೇರಿಸಿದರೆ ಪ್ರಯೋಜನವಿಲ್ಲ, ಮರೆ ನೀರಿನ ಮೇಲ್ಮೈವರೆಗೂ ಬರಬೇಕು. ಒಂದಕ್ಕೆ ಒಂದೇ ಅಡಗುತಾಣ ಮಾಡಬೇಡಿ, ಮೀನುಗಳಿಗಿಂತ ಒಂದೆರಡು ಹೆಚ್ಚೇ ಇರಲಿ, ಮತ್ತು ಪ್ರತಿಯೊಂದಕ್ಕೂ ಒಳಗೆ ಹೋಗುವ ದಾರಿ, ಹೊರಬರುವ ದಾರಿ ಎರಡೂ ಇರಲಿ. ಒಂದೇ ಬಾಯಿಯ ಗುಹೆಯೊಳಗೆ ಹೊಕ್ಕ ಮೀನು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಹೊಸ ಮೀನುಗಳನ್ನು ಗೌರಾಮಿ ಹೊರಗಿರುವಾಗಲೇ ಬಿಡಿ. ಒಂದನ್ನೇ ಬಿಟ್ಟರೆ ಎಲ್ಲ ಏಟೂ ಅದರ ಪಾಲಿಗೆ ಬರುವುದರಿಂದ, ಫಿಲ್ಟರ್ ತಡೆದುಕೊಳ್ಳುವಷ್ಟು ಮಟ್ಟಿಗೆ ಎರಡು ಮೂರನ್ನು ಒಟ್ಟಿಗೆ ಬಿಡುವುದು ಮೇಲು. ಅವು ಜಾಗ ನೋಡಿಕೊಂಡು ಆಹಾರ ತಿನ್ನತೊಡಗಿದ ಮೇಲೆ, ದೀಪ ಆರಿಸುವ ಹೊತ್ತಿನಲ್ಲಿ, ಎಲ್ಲಕ್ಕೂ ಹೊಟ್ಟೆ ತುಂಬ ಆಹಾರ ಹಾಕಿ ಗೌರಾಮಿಯನ್ನು ಕೊನೆಯದಾಗಿ ಒಳಗೆ ಬಿಡಿ. ಬೆಳಗಾಗುವ ಹೊತ್ತಿಗೆ ಅದು ಬಾಡಿಗೆಗೆ ಬಂದ ಹೊಸಬನಂತೆ ಜಾಗ ಹುಡುಕುತ್ತಿರುತ್ತದೆ, ಮಾಲೀಕನ ಗತ್ತು ಇರುವುದಿಲ್ಲ. ನೀರು 28 ಡಿಗ್ರಿಯಲ್ಲಿದ್ದರೆ ನಿಧಾನವಾಗಿ 25–26ಕ್ಕೆ ಇಳಿಸಿ, ಬೆಚ್ಚನೆಯ ನೀರು ಗೌರಾಮಿಯ ಸಂತಾನದ ಹುರುಪನ್ನು ಹೆಚ್ಚಿಸುತ್ತದೆ. ಮೊಟ್ಟೆಗಳಿಗಾಗಿ ಗಂಡು ಕಟ್ಟುವ ನೊರೆಯ ಗೂಡು ಮೇಲ್ಮೈಯಲ್ಲಿ ಕಂಡರೆ ಅದನ್ನು ಕದಡಿಬಿಡಿ, ಗೂಡಿರುವವರೆಗೆ ಅದರ ಕಾವಲೂ ಇರುತ್ತದೆ.

ಇನ್ನೊಂದು ಡ್ವಾರ್ಫ್ ಗೌರಾಮಿ ಗಂಡನ್ನು ಮಾತ್ರ ತರಬೇಡಿ. ಮರಳಿ ಬಿಟ್ಟ ಮೇಲೆ ಎರಡು ವಾರ ಗಮನಿಸಿ. ಮೊದಲ ಒಂದೆರಡು ದಿನ ಸಣ್ಣಪುಟ್ಟ ಓಡಾಟ ಇದ್ದೇ ಇರುತ್ತದೆ, ಅದಕ್ಕೆ ಕೈಹಾಕಬೇಡಿ. ಮೂರನೆಯ ದಿನವೂ ಯಾವುದಾದರೂ ಮೀನು ಆಹಾರಕ್ಕೆ ಬರದೆ ಉಳಿದರೆ, ಅಥವಾ ರೆಕ್ಕೆ ಹರಿದಿರುವುದು ಕಂಡರೆ, ಗೌರಾಮಿಯನ್ನು ಮತ್ತೆ ಹೊರತೆಗೆದು ಅದಕ್ಕೆಂದೇ 40 ಲೀಟರಿನ ಬೇರೆ ತೊಟ್ಟಿಯೊಂದನ್ನು ಸಿದ್ಧಪಡಿಸಿ. ಗಿಡಗಳಿರುವ ಅಂಥ ತೊಟ್ಟಿಯಲ್ಲಿ ಅದು ಒಂಟಿಯಾಗಿಯೂ ಚೆನ್ನಾಗಿರುತ್ತದೆ, ಮಕ್ಕಳಿಗೂ ಅದನ್ನು ಹತ್ತಿರದಿಂದ ನೋಡಲು ಸಿಗುತ್ತದೆ.